ತಿರಿಯ ಸುತ್ತಳತೆ

ಯುದ್ಧದ ಕಾಲದಲ್ಲಿ ನಾನು ಕಿರಿಮಂಜೇಶ್ವರದ ಹತ್ತಿರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಆಗ ಸರ್ಕಾರ ಲೆವಿ ಭತ್ತ ಎತ್ತುತ್ತಿತ್ತು. ಮನೆಯವರ ಊಟಕ್ಕೆ ಮತ್ತು ಬಿತ್ತನೆಗೆ ಇಷ್ಟು ಎಂದು ಬಿಟ್ಟು, ಉಳಿದದ್ದನ್ನು ಕೊಡಬೇಕು. ನಮ್ಮ ಕಡೆ ಭತ್ತವನ್ನು ಅಂಗಳದಲ್ಲಿ ತಿರಿ ಕಟ್ಟಿ ಇಡುತ್ತಿದ್ದರು. ಒಳಗೆ ದಪ್ಪಗೆ ಹುಲ್ಲು ಕೊಟ್ಟು, ಹೊರಗಿನಿಂದ ಹುಲ್ಲಿನ ಹಗ್ಗ ಸುತ್ತುತ್ತಾ ಏರಿಸಿದ ದುಂಡನೆಯ ಕಣಜ ಅದು. ಒಮ್ಮೆ ಕಟ್ಟಿದ ತಿರಿಯನ್ನು ಒಳ್ಳೆಯ ದಿನ ನೋಡದೆ ಯಾರೂ ಬಿಚ್ಚುತ್ತಿರಲಿಲ್ಲ. ಬಿಚ್ಚದೆ ಅಳೆಯಲು ಬರುತ್ತದೆಯೇ ಎಂದು ಲೆವಿ ಅಧಿಕಾರಿ ಕೇಳಿದರು. ಬರುತ್ತದೆ ಎಂದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ.

ಶಾಲೆಯ ದಾರಿಯಲ್ಲೇ ಒಂದು ಗೇಣಿ ಒಕ್ಕಲಿನ ಮನೆ. ಗಂಡ ತೀರಿಹೋಗಿದ್ದ ಹೆಂಗಸು ಐದು ಮಕ್ಕಳನ್ನು ಕಟ್ಟಿಕೊಂಡು ಬೇಸಾಯ ನಡೆಸುತ್ತಿದ್ದರು. ತಿರಿಯಲ್ಲಿ ಎಷ್ಟು ಮುಡಿ ಭತ್ತವಿದೆ ಎಂದು ಅವರು ಮೊದಲೇ ಹೇಳಿದ್ದರು. ಎಲ್ಲರೂ ಕಡಿಮೆಯೇ ಹೇಳುವುದು ಎಂದು ಅಧಿಕಾರಿ ನಕ್ಕರು. ನಾನು ಹುರಿ ಸುತ್ತಿದೆ. ಇಪ್ಪತ್ತೆರಡು ಅಡಿ. ಅಂದರೆ ವ್ಯಾಸ ಸರಿಯಾಗಿ ಏಳು ಅಡಿ. ಶೇಷವಿಲ್ಲದೆ ಬಂದ ಲೆಕ್ಕ ನನಗೆ ಖುಷಿ ಕೊಟ್ಟಿತು.

ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ಹುಲ್ಲೂ ಸೇರ್ಸಿ ಅಳಿತ್ರ್ಯಾ ಮಾಸ್ಟ್ರೇ? ಹುಲ್ಲ್ ಎಮ್ಮಿಗಾತ್ತ್, ನಮ್ಗ್ ಉಂಬುಕ್ ಆತಿಲ್ಲೆ."

ಅಧಿಕಾರಿಯೂ ನಕ್ಕರು, ನಾನೂ ನಕ್ಕೆ. ಹುಲ್ಲಿನದು ಎಷ್ಟು ಮಹಾ, ನಾಲ್ಕು ಬೆರಳು ಎಂದು ಹೇಳಿ, ಅದನ್ನು ಕಳೆಯದೆ ಏಳನ್ನೇ ವರ್ಗ ಮಾಡಿದೆ, ಎತ್ತರದಿಂದ ಗುಣಿಸಿದೆ, ಬರೆದುಕೊಟ್ಟೆ. ಅದರ ಮೇಲೆ ಹುಕುಂ ಆಯಿತು.

ತಿಂಗಳಾದ ಮೇಲೆ, ದಿನ ನೋಡಿ ತಿರಿ ಬಿಚ್ಚಿದರು. ನನ್ನನ್ನೂ ಕರೆಸಿದ್ದರು. ಅಳೆದು ಮುಗಿದಾಗ ಭತ್ತ ಬಹಳ ಕಡಿಮೆ ಬಂತು. ರಾತ್ರಿ ದೋಣಿಯವರಿಗೆ ಕದ್ದು ಮಾರಿದ್ದಾಳೆ ಎಂದು ಅಧಿಕಾರಿ ಎಲ್ಲರೆದುರು ಹೇಳಿದರು. ನಾನು ಬಿಚ್ಚಿದ ತಿರಿಯ ಅಂಚಿಗೆ ಅಡಿಕೋಲು ಹಿಡಿದೆ. ಹುಲ್ಲು ಮತ್ತು ಹಗ್ಗ ಸೇರಿ ಅರ್ಧ ಅಡಿ ದಪ್ಪ. ಎರಡೂ ಕಡೆ ಕಳೆದರೆ ವ್ಯಾಸ ಏಳಲ್ಲ, ಆರು. ಏಳೇಳಲಿ ನಲವತ್ತೊಂಬತ್ತು, ಆರಾರಲಿ ಮೂವತ್ತಾರು. ನಿಂತಲ್ಲೇ ತಿಳಿಯಿತು. ನಾನು ಬರೆದುಕೊಟ್ಟ ಭತ್ತದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬರೀ ಹುಲ್ಲು.

"ನಾ ಮಾರ್ಲಿಲ್ಲೆ ಅಂದೇಳಿ ನೀವಾರೂ ಹೇಳಿ ಮಾಸ್ಟ್ರೇ," ಎಂದರು ಅವರು. ಅಳಲಿಲ್ಲ. ನನ್ನ ಕೈಯಲ್ಲಿದ್ದ ಅಡಿಕೋಲನ್ನೇ ನೋಡುತ್ತಿದ್ದರು.

ಲೆಕ್ಕ ಸರಿಯಿದೆಯೇ ಎಂದು ಅಧಿಕಾರಿ ನನ್ನನ್ನು ಕೇಳಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗುಣಾಕಾರದಲ್ಲಿ ತಪ್ಪಿಲ್ಲ ಎಂದೆ. ಅದು ಸುಳ್ಳಾಗಿರಲಿಲ್ಲ. ಅಷ್ಟು ಜಾಗ್ರತೆಯಿಂದ ಮಾತನ್ನು ಆರಿಸಿದ್ದೆ.

ಹುಕುಂನಲ್ಲಿ ಇದ್ದಷ್ಟನ್ನೂ ಅಳೆದು ತೆಗೆದುಕೊಂಡರು. ಊಟದ ಪಾಲಿನಲ್ಲಿ ಅರ್ಧ ಹೋಯಿತು, ಬಿತ್ತನೆಯದು ಪೂರ್ತಿ ಹೋಯಿತು. ಮಳೆ ಹಿಡಿದಾಗ ಅವರಲ್ಲಿ ಅಗೆ ಹಾಕಲು ಬೀಜವಿರಲಿಲ್ಲ. ಕದ್ದು ಮಾರಿದವಳು ಎಂಬ ಹೆಸರು ಬಂದಿದ್ದರಿಂದ ಕೇಳಿದರೂ ಯಾರೂ ಕೊಡಲಿಲ್ಲ. ಧಣಿಗಳು ಗದ್ದೆಯನ್ನು ಬೇರೆಯವರಿಗೆ ಗೇಣಿಗೆ ಕೊಟ್ಟರು. ಮಕ್ಕಳನ್ನು ಕರೆದುಕೊಂಡು ಅವರು ಹಂಗಾರಕಟ್ಟೆಯ ಕಡೆ ತವರಿಗೆ ಹೋದರೆಂದು ಕೇಳಿದೆ.

ಮರುವರ್ಷ ನನ್ನ ಕೆಲಸ ಕಾಯಂ ಆಯಿತು. ಆ ಊರಿನಲ್ಲಿ ಅವರ ಮಾತು ಬಂದರೆ, ಭತ್ತ ಕದ್ದು ಮಾರಿದವಳು ಎಂದೇ ಈಗಲೂ ಹೇಳುತ್ತಾರೆ. ನನ್ನೆದುರೇ ಎಷ್ಟೋ ಸಲ ಹೇಳಿದ್ದಾರೆ. ನಾನು ತಿದ್ದಿಲ್ಲ.