ಕಬ್ಬಿನ ಗರಿ ಕೋಮಲವಂತೆ!

ಸ್ನೇಹಿತರೇ, ‘ಅವ್ವನ ಅಂಗೈ ಕಬ್ಬಿನ ಗರಿಯಂತೆ’ ಎಂಬ ಪದ್ಯದ ಸಾಲಿನಲ್ಲಿ ಅಂಗೈಗೂ ಗರಿಗೂ ಇರುವ ಸಮಾನಧರ್ಮ ಯಾವುದು? ಹತ್ತನೇ ತರಗತಿಯಲ್ಲಿರುವ ನನ್ನ ತಮ್ಮನ ಮಗಳು ‘ಒರಟುತನ’ ಎಂದು ಬರೆದು ಸೊನ್ನೆ ಪಡೆದಿದ್ದಾಳೆ. ಇವತ್ತು ಅವಳೊಂದಿಗೆ ಮದ್ದೂರಿನ ಶಾಲೆಗೇ ಹೋಗಿ ಕನ್ನಡ ಮೇಷ್ಟರನ್ನು ಕೇಳಿದೆ.

“ಗೈಡಲ್ಲಿ ಕೋಮಲತೆ ಅಂತ ಐತೆ ಸಾ.”

“ನೀವು ಕಬ್ಬು ಬೆಳೆಯೋ ಕೆರಗೋಡಿನವರಲ್ವಾ ಮೇಷ್ಟ್ರೇ? ಗರಿ ಕೋಮಲವಾ?”

“ಕೈ ಕುಯ್ತದೆ, ನಂಗೊತ್ತಿಲ್ವಾ?” ಎಂದು ಗದ್ದೆಯಲ್ಲಾದ ಹೊಸ ಗೀರುಗಳನ್ನೇ ತೋರಿಸಿದರು. “ಆದ್ರೆ ಪರೀಕ್ಷೇಲಿ ಕೋಮಲವೇ ಬುಡಿ.”

ಹುಡುಗಿ ಕೇಳಿದಳು: “ಅಂಗಾರೆ ನಮ್ಮವ್ವನ ಕೈ ಮುಟ್ಟಿ ನೋಡಿ ಬರ್ದಿದ್ದು ತಪ್ಪಾ ಸಾ?”

ಅವರು ಸೊನ್ನೆಯನ್ನು ತಿದ್ದಲಿಲ್ಲ. ನಮ್ಮ ಕಾಲದ ಮೇಷ್ಟರು ಉಪಮೆ ಕಲಿಸಲು ಗರಿಯನ್ನೇ ತರಗತಿಗೆ ತರುತ್ತಿದ್ದರು. ಈ ಗೈಡು ಬರೆದ ಮಹಾನುಭಾವರು ಕಬ್ಬಿನ ಹಾಲನ್ನಷ್ಟೇ ಕಂಡವರಿರಬೇಕು, ಅದೂ ಐಸ್ ಹಾಕಿದ್ದು.