ಕೊನೆಯ ರೀಲಿಗೆ ಎದ್ದುಬಿಡುವ ಮಾವ

ನಮ್ಮ ಮಾವನಿಗೆ ಲೆಕ್ಕವಿಲ್ಲದಷ್ಟು ಸಿನಿಮಾಗಳ ಮುಕ್ಕಾಲು ಕಥೆ ಬರುತ್ತದೆ. ಮದುವೆ ಮುರಿದು, ನಾಯಕ ಜೈಲಿಗೆ ಹೋಗಿ, ತಾಯಿ ಬೀದಿಗೆ ಬೀಳುವವರೆಗೆ ಸೊಗಸಾಗಿ ಹೇಳುತ್ತಾರೆ. ಆಮೇಲೆ "ಮುಂದಿನದನ್ನು ಬೆಳ್ಳಿ ಪರದೆಯ ಮೇಲೆ ನೋಡಿ ಆನಂದಿಸಿ" ಎಂದು ಕೈ ಮುಗಿದುಬಿಡುತ್ತಾರೆ. ಹರೆಯದಲ್ಲಿ ಮಂಡ್ಯದ ಕಡೆಯ ಒಂದು ಟೂರಿಂಗ್ ಟಾಕೀಸಿನಲ್ಲಿದ್ದವರು. ಹಗಲೆಲ್ಲ ಜಟಕಾದಲ್ಲಿ ಕುಳಿತು ಮೈಕಿನಲ್ಲಿ ಕೂಗುತ್ತ ಕರಪತ್ರ ಹಂಚುವ ಕೆಲಸ. ಆಟದ ಕೊನೆಯ ರೀಲು ಶುರುವಾಗುತ್ತಲೇ ಹೊರಗೆ ಓಡಿ, ಜನ ನುಗ್ಗುವ ಮೊದಲು ಡೇರೆಯ ಪಕ್ಕದ ಬಟ್ಟೆಗಳನ್ನು ಎತ್ತಿ ಕಟ್ಟಬೇಕಿತ್ತು. ಕೆಲಸ ಬಿಟ್ಟ ಮೇಲೂ ಆ ಹೊತ್ತಿಗೆ ಏಳುವ ಅಭ್ಯಾಸ ಹೋಗಲಿಲ್ಲ, ಹಾಗಾಗಿ ಯಾವ ಸಿನಿಮಾದ ಕೊನೆಯನ್ನೂ ಅವರು ಕಂಡವರಲ್ಲ. ಅತ್ತೆ ಇದನ್ನು ನಂಬುವುದಿಲ್ಲ. ಬೇಕೆಂದೇ ಸತಾಯಿಸುತ್ತಾರೆ ಎಂಬುದು ಮದುವೆಯಾದಾಗಿನಿಂದ ಅವರ ದೂರು.

ಈ ಸಲ ನಾದಿನಿಯ ಬಾಣಂತನಕ್ಕೆಂದು ಅತ್ತೆ ಮೈಸೂರಿನಲ್ಲೇ ಉಳಿದರು. ಮಾವ ಒಬ್ಬರೇ ಕತಾರಿಗೆ, ಅಲ್ ಅಜೀಜಿಯಾದ ನಮ್ಮ ಮನೆಗೆ ಬಂದರು. ಹೊರಗೆ ಕಾಲಿಡಲಾಗದ ಸೆಕೆ, ಒಳಗೆ ಇಂಗ್ಲಿಷಿನಲ್ಲೇ ಮಾತಾಡುವ ಮೊಮ್ಮಕ್ಕಳು. ಮಾವ ಮಂಕಾಗಿ ಕೂತಿದ್ದಾಗ ಹೊಸ ಕನ್ನಡ ಸಿನಿಮಾ ಬರುವ ಸುದ್ದಿ ಬಂತು. ಹಳೇ ಕಾಲದಲ್ಲಿ ಗಾಡಿಯ ಮೇಲೆ ಪ್ರೊಜೆಕ್ಟರ್ ಹೇರಿಕೊಂಡು ಊರೂರಿಗೆ ಸಿನಿಮಾ ಒಯ್ಯುವ ಇಬ್ಬರು ಗೆಳೆಯರ ಕಥೆಯಂತೆ. ಆಮೇಲೆ ಮುನಿಸು, ಪರದೆ ಮಾರುವ ಮಾತು; ನಗಿಸಿ ನಗಿಸಿ ಅಳಿಸುತ್ತದಂತೆ.

"ಇದೊಂದನ್ನ ಕೊನೇ ತನಕ ಕೂತು ನೋಡ್ತೀನಿ ಕಣಮ್ಮ," ಎಂದವರೇ ಅಂದೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡರು.

ಇಲ್ಲಿ ಕನ್ನಡ ಸಿನಿಮಾ ಬಂದರೆ ಒಂದೇ ಆಟ. ತರುವವರು ಇಲ್ಲಿನ ಕಾರ್ಖಾನೆಗಳ ಊರು ಮೆಸಯೀದಿನಲ್ಲಿ ಕೆಲಸಕ್ಕಿರುವ ಮಂಗಳೂರಿನ ಒಬ್ಬರು. ರಜೆಯ ದಿನ ಅವರಿಗೆ ಇದೇ ಹುಚ್ಚು. ಬುಧವಾರ ಅವರ ಫೋನು ಬಂತು. "ಎಂತ ಮಾಡುದು ಅಕ್ಕ? ಅರ್ಧ ಹಾಲೂ ತುಂಬ್ಲಿಲ್ಲ. ನಾಳೆ ಸಂಜೆಯೊಳಗೆ ಬುಕಿಂಗ್ ಆಗದಿದ್ರೆ ಶೋ ಖಲಾಸ್ ಅಂತೆ."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಜನರೇ ಹಾಗೆ. ಪೋಸ್ಟರಿಗೆ ಹೃದಯದ ಚಿತ್ರ ಒತ್ತಿ ಮುಂದಕ್ಕೆ ಕಳಿಸುತ್ತಾರೆ, ಟಿಕೆಟ್ ಮಾತ್ರ ಪಕ್ಕದ ಮನೆಯವರು ಕೊಳ್ಳಲಿ ಎಂದು ಕಾಯುತ್ತಾರೆ. ಆಟ ಶುಕ್ರವಾರ ಸಂಜೆ, ಮಾವ ಊರಿಗೆ ಹಾರುವುದು ಶನಿವಾರ. ಈ ಆಟ ತಪ್ಪಿದರೆ ತಪ್ಪಿತು, ಊರು ಸೇರಿದ ಮೇಲೆ ಬಾಣಂತನದ ಗಡಿಬಿಡಿಯಲ್ಲಿ ಸಿನಿಮಾ ಎಲ್ಲಿಯದು? ಅವರ ಇಸ್ತ್ರಿ ಶರ್ಟು ನೋಡುತ್ತಲೇ ವಿಷಯ ತಿಳಿಸಿದೆ.

ಮಾವ ಮಾತ್ರ ಎದ್ದು ನಿಂತು, "ಮೈಕ್ ಎಲ್ಲಮ್ಮ?" ಎಂದರು. ನಾನು ಫೋನಿನಲ್ಲಿ ದನಿ ಮುದ್ರಿಸುವ ಗುಂಡಿ ಒತ್ತಿ ಮುಂದೆ ಹಿಡಿದೆ.

"ಮಹಾಜನಗಳೇ! ಶುಕ್ರವಾರ ಸಂಜೆ ಒಂದೇ ಒಂದು ಆಟ! ಮುನಿದ ಗೆಳೆಯರು ಮತ್ತೆ ಒಂದಾಗುವರೇ? ಪ್ರಾಣಕ್ಕಿಂತ ಹೆಚ್ಚಿನ ಪರದೆಯನ್ನು ಮಾರಿಬಿಡುವರೇ? ಹೆಂಗಸರಿಗೆ ಪ್ರತ್ಯೇಕ ಸ್ಥಳವಿದೆ! ಬನ್ನಿ, ನೋಡಿ, ಆನಂದಿಸಿ!"

ಮುದುಕರ ಗಂಟಲಲ್ಲಿ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತೋ! ಅದು ಫೋನಿನ ಗುಂಪಿನಿಂದ ಗುಂಪಿಗೆ ಹಾರಿ ಊರಾಚೆಯ ಉಮ್ಮ್ ಸಲಾಲ್ ತನಕ ಹೋಯಿತು. ಯಾರೋ ಆಫೀಸಿನ ಮೀಟಿಂಗಿನಲ್ಲೇ ಹಾಕಿಬಿಟ್ಟರಂತೆ. ಗುರುವಾರ ಸಂಜೆ ಮತ್ತೆ ಫೋನು. "ಯಲ್ಲಾ ಅಕ್ಕ, ಹೊರಡಿ, ಶೋ ಉಂಟು! ಹೌಸ್‌ಫುಲ್!"

ಶುಕ್ರವಾರ ಥಿಯೇಟರಿನಲ್ಲಿ ಇನ್ನೊಂದು ತಮಾಷೆ ಕಾದಿತ್ತು. ಮಾವ ಬಾಯಿಪಾಠದಿಂದ ಹೇಳಿದ್ದ ಪ್ರತ್ಯೇಕ ಸ್ಥಳವನ್ನು ಹೆಂಗಸರು ಗಂಭೀರವಾಗಿ ತೆಗೆದುಕೊಂಡಿದ್ದರು. ಸೀಟಿನ ನಂಬರನ್ನು ಗಾಳಿಗೆ ತೂರಿ ಎಡಗಡೆಯಷ್ಟನ್ನೂ ಹಿಡಿದು, ಚಕ್ಕುಲಿ ಡಬ್ಬಿ ಬಿಚ್ಚಿ ಹರಟುತ್ತಿದ್ದರು. ಗಂಡಂದಿರೆಲ್ಲ ಬಲಗಡೆ, ಮಡಿಲಲ್ಲಿ ಮಕ್ಕಳು. ಟಾರ್ಚ್ ಹಿಡಿದ ಸಿಬ್ಬಂದಿ ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಆಟ ತರಿಸಿದ ಮೆಸಯೀದಿನವರು ತಲೆಯ ಮೇಲೆ ಕೈ ಹೊತ್ತಿದ್ದರು. ಮಾವ ಸುತ್ತ ಕಣ್ಣಾಡಿಸಿ, "ವ್ಯವಸ್ಥೆ ಚೆನ್ನಾಗಿದೆ," ಎಂದರು.

ನಾನು ಮಾತ್ರ ಮಾವನ ಪಕ್ಕ ಬಿಡಲಿಲ್ಲ. ಅವರ ಅಭ್ಯಾಸ ನನಗೆ ಗೊತ್ತಿತ್ತು. ಅಂದುಕೊಂಡಂತೆಯೇ, ಗೆಳೆಯರು ಜಗಳವಾಡಿ ಬೇರೆಯಾಗಿ, ಪರದೆ ಕೊಳ್ಳುವವನು ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಮಾವ ದಡಬಡಿಸಿ ಎದ್ದರು. ನಾನು ಶರ್ಟಿನ ಚುಂಗು ಹಿಡಿದು ಎಳೆದೆ.

"ಬಿಡಮ್ಮ, ಜನ ಏಳ್ತಾರೆ, ಡೇರೆ ಎತ್ತಬೇಕು..."

"ಇಲ್ಲಿ ಡೇರೆ ಇಲ್ಲ ಮಾವ. ಕೂತ್ಕೊಳ್ಳಿ."

ಕೂತರು. ಸೀಟಿನ ಅಂಚಿನಲ್ಲಿ, ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ಪರದೆಯ ಮೇಲೆ ಕೊನೆಯ ಹೆಸರು ಮೂಡುವವರೆಗೂ ಅಲ್ಲಾಡಲಿಲ್ಲ. ದೀಪ ಹತ್ತಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಹೊರಗೆ ಬಂದವರೇ ಅತ್ತೆಗೆ ಫೋನು ಹಚ್ಚಿ, ಅದೇ ಜಟಕಾ ದನಿಯಲ್ಲಿ ಇಡೀ ಮಾಲಿಗೆ ಕೇಳುವಂತೆ ಕೂಗಿದರು. "ಲೇ, ಕೊನೆ ನೋಡಿದೆ ಕಣೇ! ಪರದೆ ಮಾರಲ್ಲ! ಇಬ್ರೂ ಒಂದಾಗ್ತಾರೆ! ಗಾಡಿ ಕಟ್ಕೊಂಡು ಮುಂದಿನೂರಿಗೆ ಹೋಗ್ತಾರೆ!"

ಆ ಕಡೆಯಿಂದ ಅತ್ತೆಯ ದನಿಯೂ ನಮಗೆಲ್ಲ ಸ್ಪಷ್ಟವಾಗಿಯೇ ಕೇಳಿಸಿತು.

"ಅಯ್ಯೋ ನಿಮ್ಮ! ನಾಳೆ ಇಲ್ಲಿ ಅದೇ ಪಿಕ್ಚರ್‌ಗೆ ಟಿಕೆಟ್ ತಗೊಂಡಿದೀನಿ ಕಣ್ರೀ! ಜನ್ಮವೆಲ್ಲ ಕೇಳಿದ್ರೂ ಒಂದು ಕೊನೆ ಹೇಳ್ಲಿಲ್ಲ, ಇವತ್ತು ಕೇಳದೇನೇ ಹೇಳ್ಬಿಟ್ರಲ್ಲ!"