ಎಡೆ ಇಟ್ಟ ದಿನದ ತಪಾಸಣೆ

ಮುಳಬಾಗಿಲಿನ ನಮ್ಮ ಮೀನಿನ ಹೋಟೆಲಿಗೆ ಆಹಾರ ಸುರಕ್ಷತೆಯವರು ತಪಾಸಣೆಗೆ ಬರುತ್ತಾರೆಂದು ಗೊತ್ತಿತ್ತು, ಯಾವ ದಿನವೆಂದು ಗೊತ್ತಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದೆ. ಅಡುಗೆಮನೆ ನೋಡಿ ಸರಿಯಿದೆ ಎಂದು ಬರೆದುಕೊಟ್ಟರೆ ಹೋಟೆಲು ಉಳಿಯುತ್ತದೆ, ಇಲ್ಲವಾದರೆ ಮುಚ್ಚಬೇಕು.

ಅಧಿಕಾರಿ ಬಂದದ್ದು ಪಿತೃಪಕ್ಷದ ಬುಧವಾರ. ಯಜಮಾನರಿಗೆ ನಾವು ಮೊದಲ ಸಲ ಎಡೆ ಇಟ್ಟ ದಿನ. ಮನೆಯಲ್ಲೇ ಇಡೋಣ ಎಂದು ನಾದಿನಿ ಹೇಳಿದ್ದಳು, ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಅವರು ಮಧ್ಯಾಹ್ನ ಉಂಡದ್ದು ಹೋಟೆಲಿನ ಒಲೆಯ ಪಕ್ಕ, ನೆಲದ ಮೇಲೆ ಕೂತು, ಗಿರಾಕಿಗಳೆಲ್ಲ ಎದ್ದ ಮೇಲೆ. ಆ ಜಾಗದಲ್ಲೇ ಬಾಳೆಲೆ ಹಾಸಿ ಮುದ್ದೆ, ಕೆರೆಮೀನಿನ ಸಾರು, ಅವರಿಗೆ ಇಷ್ಟವಾದ ತಲೆಯ ತುಂಡು ಬಡಿಸಿದೆ. ಹೋದವರು ಬಂದು ಉಣ್ಣಲೆಂದು ಅಡುಗೆಮನೆಯ ಕದ ಮುಚ್ಚಿ ನಾನೂ ನಾದಿನಿಯೂ ಹೊರಗೆ ನಿಂತೆವು. ಆಗಲೇ ಜೀಪು ಬಂತು.

“ಯಾಕಮ್ಮ ಬಾಗಿಲು ಹಾಕಿದ್ದೀರ? ತೆಗೀರಿ,” ಎಂದರು ಅಧಿಕಾರಿ.

“ಹತ್ತು ನಿಮಿಷ ತಾಳಿ ಮೇಡಂ. ನಮ್ಮ ಯಜಮಾನ್ರು ಊಟ ಮಾಡ್ತಿದ್ದಾರೆ.”

ಅವರು ಕೈಯಲ್ಲಿದ್ದ ಅರ್ಜಿ ನೋಡಿದರು. “ತೀರಿಕೊಂಡ್ರು ಅಂತ ನೀವೇ ಬರೆದಿದ್ದೀರಲ್ಲ?”

“ಅದಕ್ಕೇ ಮೇಡಂ ಹೊರಗೆ ನಿಂತಿರೋದು,” ಎಂದಳು ನಾದಿನಿ. “ಇದ್ದಿದ್ರೆ ಬಡಿಸ್ತಾ ಒಳಗೇ ಇರ್ತಿದ್ವಿ.”

“ತೆಗೀಲಿಲ್ಲ ಅಂದ್ರೆ ತಪಾಸಣೆಗೆ ಬಿಡಲಿಲ್ಲ ಅಂತ ಬರೀಬೇಕಾಗುತ್ತೆ.”

ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಾಗಲಿಲ್ಲ.

“ದಿನಾ ಗಬಗಬ ಅಂತ ತಿಂದು ಏಳೋರು ಮೇಡಂ. ಇವತ್ತೊಂದಿನ ನಿಧಾನವಾಗಿ ಉಣ್ಲಿ.”

ಅಧಿಕಾರಿ ಐಸ್ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರು. ಹಿತ್ತಲಿಗೆ ಹೋಗಿ ಪೆಟ್ಟಿಗೆಯಲ್ಲಿದ್ದ ಮೀನಿನ ಕಿವಿರು ಬಿಡಿಸಿ ನೋಡಿದರು, ಮೀನು ಕೊಯ್ಯುವ ಹಲಗೆಯ ಮೇಲೆ ಬೆರಳಾಡಿಸಿದರು, ನಲ್ಲಿಯ ನೀರನ್ನು ಬಾಟಲಿಗೆ ಹಿಡಿದುಕೊಂಡರು. ಅವರು ವಾಪಸು ಬರುವಷ್ಟರಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚೇ ಆಗಿತ್ತು. ನಾನು ಒಮ್ಮೆ ಕೆಮ್ಮಿ ಸದ್ದು ಮಾಡಿ ಕದ ತೆಗೆದೆ. ಅವರು ಎಲೆಯನ್ನು ದಾಟದೆ ಸುತ್ತು ಹಾಕಿಕೊಂಡು ಒಳಗೆ ಹೋದರು.

ವಾರದ ನಂತರ ವರದಿ ಬಂತು. ಮೀನು ತಾಜಾ, ನೀರು ಶುದ್ಧ, ಪಾತ್ರೆ ಸ್ವಚ್ಛ. ಕೊನೆಯಲ್ಲಿ ಒಂದೇ ಒಂದು ದೋಷ: ಅಡುಗೆಮನೆಯ ನೆಲದ ಮೇಲೆ ಮುಚ್ಚದೆ ಇಟ್ಟ ಆಹಾರ. ಅದನ್ನು ಸರಿಪಡಿಸುವುದಾಗಿ ಬರೆದುಕೊಟ್ಟರೆ ಲೈಸೆನ್ಸ್ ಸಿಗುತ್ತದೆ.

“ನಮ್ಮಣ್ಣನ ಎಡೇನೇ ದೋಷ ಅಂತ ಬರ್ದವ್ರಲ್ಲ ಅತ್ತಿಗೆ,” ಎಂದ ನಾದಿನಿ ತೆಲುಗಿನಲ್ಲೂ ಒಂದಷ್ಟು ಬೈದಳು.

ನನಗೆ ಸಿಟ್ಟು ಬರಲಿಲ್ಲ. ಊಟ ನೆಲದ ಮೇಲಿತ್ತು, ಮುಚ್ಚಿರಲಿಲ್ಲ. ಆಕೆ ಕಂಡದ್ದನ್ನು ಬರೆದಿದ್ದರು. ನಾವು ಬಾಗಿಲು ತೆಗೆಯದೆ ಅವರನ್ನು ಕಾಯಿಸಿದ್ದು ಮಾತ್ರ ಎಲ್ಲೂ ಇರಲಿಲ್ಲ.

ಮುಂದಿನ ವರ್ಷದಿಂದ ಆ ಊಟವನ್ನು ಮನೆಯಲ್ಲಿ ಇಡುತ್ತೇವೆ ಎಂದು ಉತ್ತರ ಬರೆದೆ. ಸಹಿ ಹಾಕಲು ಕೈ ಬರಲಿಲ್ಲ. ಎದ್ದು ಒಲೆಯ ಪಕ್ಕ, ಯಜಮಾನರು ಕೂತು ಉಣ್ಣುತ್ತಿದ್ದ ಜಾಗಕ್ಕೆ ಹೋದೆ.

“ಇಲ್ಲಿ ಬೇಡ ಅಂದಿದ್ದಾರೆ ಕಣ್ರೀ. ಮುಂದಿನ ಸಲ ಮನೆಗೇ ಬಂದ್ಬಿಡಿ.”

ಹೇಳಿ ಬಂದ ಮೇಲೆ ಸಹಿ ಹಾಕಿದೆ.